ಲೋಕಲ್‌ನಲ್ಲಿ ಓದುವ ಸುದ್ದಿ, ಮನಸ್ಸಿನ ಭಾರ

ಮುಂಬೈಯ ಡೊಂಬಿವಲಿ ಲೋಕಲ್ ರೈಲು ಹತ್ತಿ ಫೋನ್ ತೆಗೆದರೆ ಬರೀ ಸಾವು-ನೋವು, ಓದಿದರೆ ಸಂಕಟ, ಬಿಟ್ಟರೆ ಕಲ್ಲುಮನಸ್ಸು ಆಯ್ತೇನೋ ಅನ್ನಿಸುತ್ತದೆ ಅಂತ ಬರೆದಿದ್ದೀರಿ. ಬಿಟ್ಟರೆ ಕಲ್ಲಾಗುವುದಿಲ್ಲ, ನಂಬಿ. ಜಾಸ್ತಿ ಓದಿದರೇ ಮನಸ್ಸು ಮರಗಟ್ಟುವುದು.

2005ರ ಜುಲೈ 26 ನೆನಪಿದೆ ಅಲ್ವಾ? ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ನಾನು ಕುರ್ಲಾದಿಂದ ಸಾಯನ್ ಕಡೆಗೆ ಸೊಂಟದವರೆಗಿನ ನೀರಲ್ಲಿ ನಡೆಯುತ್ತಿದ್ದೆ. ಚಾಳಿನ, ಅಂದರೆ ಸಾಲುಮನೆಗಳ ಕಟ್ಟಡದ, ಮೆಟ್ಟಿಲ ಮೇಲೆ ಒಬ್ಬ ಅಜ್ಜಿ, ಸ್ಟೀಲ್ ಲೋಟದಲ್ಲಿ ಚಹಾ. ಹೋಗಿಬರುವವರಿಗೆಲ್ಲ ಕೊಡುತ್ತಿದ್ದರು, ಹೆಸರೂ ಕೇಳದೆ. ಆ ಲೋಟದ ಬಿಸಿ ಇನ್ನೂ ನನ್ನ ಅಂಗೈಯಲ್ಲಿದೆ. ಕರೆಂಟ್ ಇರಲಿಲ್ಲ, ಅವರು ಟಿವಿ ಸುದ್ದಿ ನೋಡಿರಲಿಲ್ಲ. ಆದರೂ ಅವರ ಮನಸ್ಸು ಕಲ್ಲಾಗಿರಲಿಲ್ಲ.

ನಾನೀಗ ಸಂಜೆ ಒಂದೇ ಸಲ, 20 ನಿಮಿಷ ಓದುತ್ತೇನೆ. ವಿಡಿಯೋ ನೋಡುವುದಿಲ್ಲ. ನಾಳೆ ಫೋನ್ ಚೀಲದಲ್ಲೇ ಇಡಿ. ರೈಲು ಥಾಣೆ ನಿಲ್ದಾಣ ದಾಟಿದ ಮೇಲೆ, ನಿಂತು ಸುಸ್ತಾದವರಿಗೆ ಸೀಟು ಬಿಟ್ಟು ನೋಡಿ.