ದಿನಾ ಮೂರು ಗಂಟೆ ಓದಿದರೂ ಪರೀಕ್ಷೆಯಲ್ಲಿ ನೆನಪಿಗೆ ಬರುತ್ತಿಲ್ಲ, ಹೇಗೆ ಓದಬೇಕು?

ದಿನಾ ಮೂರು ಗಂಟೆ ಓದುತ್ತೀರಿ, ಒಂದೊಂದು ಪಾಠವನ್ನೂ ನಾಲ್ಕೈದು ಸಲ ತಿರುವಿ ಹಾಕುತ್ತೀರಿ, ಮುಖ್ಯ ಸಾಲುಗಳಿಗೆಲ್ಲ ಹೈಲೈಟರ್ ಎಳೆಯುತ್ತೀರಿ. ಆದರೂ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಓದಿದ್ದು ನೆನಪಾಗುವುದಿಲ್ಲ ಎಂದು ಕೇಳಿದ್ದೀರಿ. ಇನ್ನೂ ಹೆಚ್ಚು ಹೊತ್ತು ಓದಿ ಎಂದು ನಾನು ಹೇಳುವುದಿಲ್ಲ, ಮೂರು ಗಂಟೆ ಧಾರಾಳ ಸಾಕು. ಅದರಲ್ಲಿ ಅರ್ಧ ಹೊತ್ತಾದರೂ ಪುಸ್ತಕ ಮುಚ್ಚಿರಬೇಕು, ಅಷ್ಟೇ.

ಒಂದೇ ಪಾಠವನ್ನು ಮೂರನೇ ಸಲ ಓದುವಾಗ ಕಣ್ಣು ಸರಾಗವಾಗಿ ಓಡುತ್ತದೆ, ಪ್ರತಿ ಸಾಲೂ ಗೊತ್ತಿರುವುದೇ ಅನ್ನಿಸುತ್ತದೆ. ಆ ಪರಿಚಯವನ್ನೇ ನಾವು ಕಲಿಕೆ ಎಂದು ತಿಳಿದುಬಿಡುತ್ತೇವೆ. ಪರೀಕ್ಷೆಯಲ್ಲಾದರೋ ಸಾಲು ಕಣ್ಣೆದುರು ಇರುವುದಿಲ್ಲ, ತಲೆಯೊಳಗಿಂದ ಹುಡುಕಿ ತೆಗೆಯಬೇಕು. ನೀವು ಮನೆಯಲ್ಲಿ ಅಭ್ಯಾಸ ಮಾಡದೇ ಬಿಟ್ಟಿರುವುದು ಇದನ್ನೇ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಗದ್ಯಭಾಗ ಕೊಟ್ಟು ಇದನ್ನು ಪರೀಕ್ಷಿಸಿದರು. ಕೆಲವರು ಅದನ್ನು ಮತ್ತೆ ಓದಿದರು, ಉಳಿದವರು ನೋಡದೆ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಎರಡು ದಿನ, ಒಂದು ವಾರ ಕಳೆದು ಕೇಳಿದಾಗ ನೋಡದೆ ಬರೆದವರು ಮುಂದಾದರು. ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲ ಬರುತ್ತದೆ ಅನ್ನಿಸಿ ವಾರದಲ್ಲಿ ಖಾಲಿಯಾಗುವುದು ಯಾಕೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ.

ಹಾಗಾದರೆ ಒಂದು ಪಾಠಕ್ಕೆ ಕೂತಾಗ ಏನು ಮಾಡಬೇಕು? ಮೂರು ನಾಲ್ಕು ಪುಟ, ಅಂದರೆ ಒಂದೆರಡು ಉಪಶೀರ್ಷಿಕೆಗಳಷ್ಟು, ಒಮ್ಮೆ ನಿಧಾನವಾಗಿ ಅರ್ಥ ಮಾಡಿಕೊಂಡು ಓದಿ. ಪೆನ್ನು ಮುಟ್ಟಬೇಡಿ. ನಂತರ ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ನೆನಪಿಗೆ ಬಂದದ್ದನ್ನೆಲ್ಲ ಐದರಿಂದ ಹತ್ತು ನಿಮಿಷ ಬರೆಯಿರಿ. ವಾಕ್ಯ ಸರಿಯಿರಬೇಕಿಲ್ಲ, ಚಿತ್ರ, ಬಾಣದ ಗುರುತು ಏನಾದರೂ ಸರಿ. ಏನೂ ಹೊಳೆಯದೆ ನಿಂತಾಗ ತಕ್ಷಣ ಪುಸ್ತಕ ತೆರೆಯಬೇಡಿ, ಒಂದು ನಿಮಿಷವಾದರೂ ತಡಕಾಡಿ. ಆ ತಡಕಾಟ ಹಿತವಾಗಿರುವುದಿಲ್ಲ, ಆದರೆ ನೆನಪು ಗಟ್ಟಿಯಾಗುವುದು ಅಲ್ಲಿಯೇ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನೂ ತಪ್ಪಾದದ್ದನ್ನೂ ಕೆಂಪು ಶಾಯಿಯಲ್ಲಿ ಸೇರಿಸಿ. ನಾಳೆ ನೀವು ನೋಡಬೇಕಾದದ್ದು ಆ ಕೆಂಪು ಭಾಗವನ್ನು ಮಾತ್ರ, ಇಡೀ ಪಾಠವನ್ನಲ್ಲ.

ಕೊನೆಗೆ ಆ ಭಾಗದಿಂದ ಆರೇಳು ಪ್ರಶ್ನೆ ಮಾಡಿ ನೋಟ್‌ಬುಕ್ಕಿನ ಎಡಗಡೆ ಬರೆದು, ಉತ್ತರವನ್ನು ಬಲಗಡೆ ಚುಟುಕಾಗಿ ಬರೆಯಿರಿ. ಪ್ರಶ್ನೆ ಚೆನ್ನಾಗಿರಬೇಕು. ದ್ಯುತಿಸಂಶ್ಲೇಷಣೆಯ ಪಾಠಕ್ಕೆ ‘ದ್ಯುತಿಸಂಶ್ಲೇಷಣೆ ಎಂದರೇನು?’ ಎಂದು ಬರೆದುಕೊಂಡರೆ ಉರು ಹೊಡೆದ ವ್ಯಾಖ್ಯೆ ಬಾಯಿಗೆ ಬರುತ್ತದೆ, ಅರ್ಥವಾಗಿದೆಯೋ ಇಲ್ಲವೋ ತಿಳಿಯುವುದಿಲ್ಲ. ಅದರ ಜೊತೆಗೆ ‘ಹೊರಬರುವ ಆಮ್ಲಜನಕ ನೀರಿನದೋ, ಕಾರ್ಬನ್ ಡೈಆಕ್ಸೈಡಿನದೋ?’ ‘ಎಲೆ ಹಸಿರಾಗಿ ಕಾಣುವುದೇಕೆ?’ ‘ಪತ್ರರಂಧ್ರಗಳು ಮುಚ್ಚಿಕೊಂಡರೆ ಯಾವುದು ಕಡಿಮೆಯಾಗುತ್ತದೆ?’ ಎಂಬಂಥವೂ ಇರಲಿ. ಆಮ್ಲಜನಕ ನೀರಿನದು ಎಂದು ಒಮ್ಮೆ ತಡಕಾಡಿ ಕಂಡುಕೊಂಡವರು ಆ ಸಮೀಕರಣವನ್ನು ಸುಲಭಕ್ಕೆ ಮರೆಯುವುದಿಲ್ಲ. ಏಕೆ, ಹೇಗೆ, ಇದಕ್ಕೂ ಅದಕ್ಕೂ ಏನು ವ್ಯತ್ಯಾಸ, ಇದು ಇಲ್ಲದಿದ್ದರೆ ಏನಾಗುತ್ತದೆ: ಈ ನಾಲ್ಕು ಬಗೆಯ ಪ್ರಶ್ನೆ ಬಹುತೇಕ ಎಲ್ಲ ಪಾಠಕ್ಕೂ ಹೊಂದುತ್ತವೆ.

ಮರೆವಿನ ವಿಷಯಕ್ಕೆ ಬರೋಣ. ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹಾಸ್ 1885ರಲ್ಲೇ ತೋರಿಸಿಕೊಟ್ಟಂತೆ, ಕಲಿತದ್ದು ಮೊದಲ ದಿನವೇ ಬಹಳಷ್ಟು ಜಾರಿಹೋಗುತ್ತದೆ, ಆಮೇಲೆ ಜಾರುವ ವೇಗ ತಗ್ಗುತ್ತದೆ. ಹಾಗಾಗಿ ಮೊದಲ ಪುನರಾವರ್ತನೆ ಮರುದಿನವೇ ಆಗಬೇಕು. ನಂತರ ಮೂರು ದಿನಕ್ಕೆ, ವಾರಕ್ಕೆ, ಮೂರು ವಾರಕ್ಕೆ ಒಮ್ಮೆ ಬಂದರೆ ಸಾಕು. ದಿನಗಳ ಲೆಕ್ಕ ಒಂದೆರಡು ಅತ್ತಿತ್ತ ಆದರೆ ಏನೂ ಹಾಳಾಗುವುದಿಲ್ಲ, ಆದರೆ ಅಂತರ ಬೆಳೆಯುತ್ತಾ ಹೋಗಬೇಕು. ಪ್ರಶ್ನೆಗಳನ್ನು ಬರೆದ ಪುಟದ ಮೇಲ್ತುದಿಯಲ್ಲಿ ಮುಂದಿನ ನಾಲ್ಕು ತಾರೀಕುಗಳನ್ನು ಅಂದೇ ಬರೆದಿಡಿ. ಆ ದಿನ ಬಲಭಾಗವನ್ನು ಹಾಳೆಯಿಂದ ಮುಚ್ಚಿ, ಎಡಗಡೆಯ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ, ತಪ್ಪಿದ್ದಕ್ಕೆ ಚುಕ್ಕಿ ಇಡಿ. ಒಂದು ಪುಟಕ್ಕೆ ಮೂರು ನಾಲ್ಕು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಎರಡು ಚುಕ್ಕಿ ಬಿದ್ದ ಪ್ರಶ್ನೆಯ ಭಾಗವನ್ನು ಮಾತ್ರ ಪುಸ್ತಕದಲ್ಲಿ ಮತ್ತೆ ಓದಿ. ಇಲ್ಲಿ ಎಲ್ಲರೂ ಎಡವುವುದು ಮನಸ್ಸಿನಲ್ಲೇ ‘ಹೂಂ, ಇದು ಗೊತ್ತು’ ಎಂದುಕೊಂಡು ಮುಂದೆ ಹೋಗುವುದರಲ್ಲಿ. ಜೋರಾಗಿ ಪೂರ್ತಿ ಹೇಳಿದ್ದು ಅಥವಾ ಬರೆದದ್ದು ಮಾತ್ರ ಲೆಕ್ಕಕ್ಕೆ ಬರಲಿ.

ಗಣಿತದ ದಾರಿ ಸ್ವಲ್ಪ ಬೇರೆ. ಬಿಡಿಸಿದ ಲೆಕ್ಕವನ್ನು ನೋಡುತ್ತಾ ಹೋದರೆ ಎಲ್ಲವೂ ಅರ್ಥವಾಗುತ್ತದೆ, ಅದು ಅತ್ಯಂತ ಮೋಸದ ಓದು. ಮಾದರಿ ಲೆಕ್ಕದ ಪ್ರಶ್ನೆಯನ್ನಷ್ಟೇ ಬಿಟ್ಟು ಉಳಿದದ್ದನ್ನು ಮುಚ್ಚಿ. ಸಿಕ್ಕಿಹಾಕಿಕೊಂಡಾಗ ಒಂದು ಸಾಲು ಮಾತ್ರ ಸರಿಸಿ ನೋಡಿ, ಮತ್ತೆ ಮುಚ್ಚಿ ಮುಂದುವರಿಸಿ. ಹಾಗೆ ಇಣುಕಿ ಬಿಡಿಸಿದ ಲೆಕ್ಕವನ್ನು ಮರುದಿನ ಇಣುಕದೆ ಬಿಡಿಸಬೇಕು. ಇನ್ನೊಂದು ಮಾತು: ಒಂದು ಅಭ್ಯಾಸದ ಇಪ್ಪತ್ತು ಲೆಕ್ಕಗಳೂ ಒಂದೇ ಸೂತ್ರದವಾಗಿದ್ದರೆ ಯಾವ ಸೂತ್ರ ಹಾಕಬೇಕೆಂದು ಯೋಚಿಸುವ ಕೆಲಸವೇ ಇರುವುದಿಲ್ಲ. ಪರೀಕ್ಷೆಯಲ್ಲಿ ಕಷ್ಟವಾಗುವುದು ಆ ಆಯ್ಕೆಯೇ. ಹೊಸ ಸೂತ್ರದ ಆರೇಳು ಲೆಕ್ಕ ಮಾಡಿದ ಮೇಲೆ ಹಳೆಯ ಮೂರು ಅಧ್ಯಾಯಗಳಿಂದ ಒಂದೊಂದು ಬೆರೆಸಿ ಮಾಡಿ. ಆ ಹೊತ್ತಿಗೆ ತಪ್ಪು ಹೆಚ್ಚುತ್ತದೆ, ಹೆದರಬೇಡಿ.

ತಪ್ಪುಗಳಿಗೇ ಒಂದು ನೋಟ್‌ಬುಕ್ ಇಡಿ. ಅಂಕ ಏರಬೇಕಾದರೆ ಇದಕ್ಕಿಂತ ಹತ್ತಿರದ ದಾರಿ ನನಗೆ ತೋರುವುದಿಲ್ಲ. ಟೆಸ್ಟ್ ಪೇಪರ್ ಕೈಗೆ ಬಂದಾಗ ಅಂಕ ನೋಡಿ ಮಡಚಿಡದೆ, ಕಳೆದುಕೊಂಡ ಪ್ರತಿ ಅಂಕಕ್ಕೂ ಕಾರಣ ಬರೆಯಿರಿ: ಗೊತ್ತಿರಲಿಲ್ಲವೇ, ಗೊತ್ತಿದ್ದೂ ನೆನಪಾಗಲಿಲ್ಲವೇ, ಪ್ರಶ್ನೆಯನ್ನು ತಪ್ಪಾಗಿ ಓದಿದಿರಾ, ಸಮಯ ಸಾಲಲಿಲ್ಲವೇ? ‘ಅಜಾಗರೂಕತೆ’ ಎಂದು ಬರೆದರೆ ಉಪಯೋಗವಿಲ್ಲ. ‘ಮೈನಸ್ 3ರಿಂದ ಆವರಣವನ್ನು ಗುಣಿಸುವಾಗ ಎರಡನೇ ಪದದ ಚಿಹ್ನೆ ಬದಲಿಸಲಿಲ್ಲ’ ಎಂದು ಬರೆದರೆ ಮುಂದಿನ ಸಲ ಕೈ ಅಲ್ಲಿಗೆ ಬಂದಾಗ ತಾನೇ ನಿಧಾನವಾಗುತ್ತದೆ. ಕಾರಣ ಬೇರೆಯಾದರೆ ಮದ್ದೂ ಬೇರೆ. ಪ್ರಶ್ನೆ ತಪ್ಪಾಗಿ ಓದುವವರು ಇನ್ನಷ್ಟು ಪಾಠ ಓದಿ ಪ್ರಯೋಜನವಿಲ್ಲ, ಪ್ರಶ್ನೆಯಲ್ಲಿನ ‘ಹೋಲಿಸಿ’, ‘ಕಾರಣ ಕೊಡಿ’ ಎಂಬ ಪದಕ್ಕೆ ಗೆರೆ ಎಳೆಯುವ ರೂಢಿ ಬೇಕು. ಸಮಯ ಸಾಲದವರು ಲೆಕ್ಕ ಹಾಕಲಿ: ಮೂರು ಗಂಟೆಗೆ 80 ಅಂಕದ ಪತ್ರಿಕೆಯಾದರೆ ಓದಲು, ಪರಿಶೀಲಿಸಲು 20 ನಿಮಿಷ ತೆಗೆದಿಟ್ಟು ಅಂಕವೊಂದಕ್ಕೆ ಎರಡು ನಿಮಿಷ. ಎರಡು ಅಂಕದ ಪ್ರಶ್ನೆಗೆ ಒಂದು ಪುಟ ಬರೆಯುವವರಿಗೆ ಕೊನೆಯ ಪ್ರಶ್ನೆ ಸಿಗುವುದಿಲ್ಲ.

ಟೈಮ್‌ಟೇಬಲ್ ಬಗ್ಗೆ: ಅರ್ಧರ್ಧ ಗಂಟೆಗೂ ವಿಷಯ ತುಂಬಿದ ಬಣ್ಣದ ಚಾರ್ಟ್ ಮೂರನೇ ದಿನಕ್ಕೆ ಮುರಿಯುತ್ತದೆ, ಯಾಕೆಂದರೆ ಒಂದು ಸಂಜೆ ತಪ್ಪಿದರೆ ಹಿಂದೆ ಬಿದ್ದದ್ದನ್ನು ಸೇರಿಸಲು ಅದರಲ್ಲಿ ಜಾಗವೇ ಇರುವುದಿಲ್ಲ. ವಾರದಲ್ಲಿ ಒಂದು ಸಂಜೆಯನ್ನು ಬಾಕಿ ಕೆಲಸಕ್ಕೆಂದೇ ಖಾಲಿ ಬಿಡಿ. ‘ವಿಜ್ಞಾನ ಓದಬೇಕು’ ಎಂದು ಬರೆಯಬೇಡಿ. ‘ಆರನೇ ಅಧ್ಯಾಯ, ಮೊದಲ ನಾಲ್ಕು ಪುಟ, ಆರು ಪ್ರಶ್ನೆ’ ಎಂದು ಬರೆಯಿರಿ. ಎಲ್ಲಿಂದ ಶುರು ಮಾಡಲಿ ಎಂಬ ಗೊಂದಲ ಇಲ್ಲದಿದ್ದರೆ ಕೂರುವುದು ಸುಲಭ. ಇದನ್ನು ಹಿಂದಿನ ರಾತ್ರಿಯೇ ಬರೆದು, ಪುಸ್ತಕವನ್ನು ಆ ಪುಟಕ್ಕೇ ತೆರೆದಿಟ್ಟು ಮಲಗಿ. 25 ನಿಮಿಷ ಓದು, 5 ನಿಮಿಷ ಬಿಡುವು ಎಂಬ ಪದ್ಧತಿ ಪ್ರಸಿದ್ಧ. ಶುರು ಮಾಡಲು ಮನಸ್ಸಿಲ್ಲದವರಿಗೆ ಒಳ್ಳೆಯದು, ಆದರೆ ಉದ್ದದ ಲೆಕ್ಕಗಳ ಮಧ್ಯೆ ಗಂಟೆ ಬಾರಿಸಿದರೆ ಓಟ ತಪ್ಪುತ್ತದೆ, ಗಣಿತಕ್ಕೆ 40–45 ನಿಮಿಷ ಇಟ್ಟುಕೊಳ್ಳಿ. ಫೋನ್ ಬೇರೆ ಕೋಣೆಯಲ್ಲಿರಲಿ, ಸಮಯ ನೋಡಲು ಗಡಿಯಾರ ಬಳಸಿ. ಇನ್ನು ನಿದ್ದೆ: 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ಬೇಕೆಂಬುದು ತಜ್ಞರ ಶಿಫಾರಸು. ಹಗಲು ಕಲಿತದ್ದು ಗಟ್ಟಿಯಾಗುವುದರಲ್ಲಿ ನಿದ್ದೆಯ ಪಾಲಿದೆ, ಅದನ್ನು ಕಡಿದು ಓದಿನ ಗಂಟೆ ಹೆಚ್ಚಿಸಬೇಡಿ.

ಮೊದಲ ಎರಡು ವಾರ ಪುಟಗಳು ನಿಧಾನವಾಗಿ ಸಾಗುತ್ತವೆ, ಹಳೆಯ ಓದೇ ವಾಸಿಯಿತ್ತು ಅನ್ನಿಸುತ್ತದೆ. ಆಗ ಎಲ್ಲ ವಿಷಯ ಒಟ್ಟಿಗೆ ಬದಲಿಸಲು ಹೋಗಿ ಸುಸ್ತಾಗಬೇಡಿ. ನಿಮಗೆ ಅತ್ಯಂತ ಕಡಿಮೆ ಅಂಕ ಬರುವ ಒಂದು ವಿಷಯದಲ್ಲಿ ಮಾತ್ರ ಮಾಡಿ ನೋಡಿ. ಖಾಲಿ ಹಾಳೆಯ ಮೇಲೆ ಎರಡು ಸಲವೂ ಏನೂ ಬಾರದ ಭಾಗ ಸಿಕ್ಕರೆ ಅದು ನೆನಪಿನ ಸಮಸ್ಯೆಯಲ್ಲ, ಅರ್ಥವಾಗಿಲ್ಲವೆಂದೇ ಲೆಕ್ಕ. ಅಲ್ಲಿ ಟೀಚರ್ ಹತ್ತಿರ ಹೋಗಿ. ‘ಪಾಠ ಅರ್ಥವಾಗಲಿಲ್ಲ ಮಿಸ್’ ಎಂದರೆ ಅವರು ಮೊದಲಿಂದ ಹೇಳಬೇಕಾಗುತ್ತದೆ; ಆ ಹಾಳೆಯನ್ನೇ ಒಯ್ದು ‘ಇಲ್ಲಿಯವರೆಗೆ ಬಂತು, ಈ ಸಾಲಿನಿಂದ ಮುಂದಕ್ಕೆ ಯಾಕೆ ಹೀಗೆ?’ ಎಂದು ತೋರಿಸಿದರೆ ಐದು ನಿಮಿಷದಲ್ಲಿ ಬಿಡಿಸಿ ಹೇಳುತ್ತಾರೆ.