ಮನೆತನದಲ್ಲಿದೆ ಎಂದಾಕ್ಷಣ ನನಗೂ ಬಂದೀತೇ?

ವಂಶ, ಒತ್ತಡ ಮತ್ತು ಮನಸ್ಸಿನ ಕಾಯಿಲೆ ಕುರಿತು ಉತ್ತರ ಕನ್ನಡದ ಓದುಗರ ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ವಯಸ್ಸು 29, ತೋಟ ನೋಡಿಕೊಂಡಿದ್ದೇನೆ. ಅಪ್ಪಯ್ಯನ ತಮ್ಮನಿಗೆ ಬಹಳ ವರ್ಷಗಳಿಂದ ಸ್ಕಿಜೋಫ್ರೇನಿಯಾ. ಹೆಣ್ಣು ನೋಡಲು ಹೋಗುವ ಮೊದಲೇ ಆ ಸುದ್ದಿ ಅಲ್ಲಿ ಮುಟ್ಟಿರುತ್ತದೆ. ಉಗುಳು ಕೊಟ್ಟು ಮಾಡಿಸುವ ಡಿಎನ್‌ಎ ಪರೀಕ್ಷೆಯ ವರದಿ ತೋರಿಸಿದರೆ ಸಂಶಯ ಹೋದೀತೇ?
– ಶಿರಸಿ ತಾಲೂಕು

ಉತ್ತರ: ಆ ದುಡ್ಡು ಉಳಿಸಿ. ಇಲ್ಲದ ದನಿ ಕೇಳಿಸುವ, ಸುಳ್ಳು ನಂಬಿಕೆ ಕಾಡುವ ಈ ಮನೋರೋಗ ಯಾರಿಗೇ ಆಗಲಿ ಬರುವ ಸಾಧ್ಯತೆ ನೂರಕ್ಕೆ ಸುಮಾರು 1. ಚಿಕ್ಕಪ್ಪನಿಗೋ ಸೋದರಮಾವನಿಗೋ ಇದ್ದರೆ 2–3. ಅಪ್ಪ ಅಥವಾ ಅಮ್ಮನಿಗೆ ಇದ್ದರೆ 10ರ ಆಸುಪಾಸು. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು 40–50. ವಂಶವಾಹಿಗಳೆಲ್ಲ ಒಂದೇ ಆಗಿದ್ದೂ ಅರ್ಧದಷ್ಟು ಜನ ಪಾರಾಗುತ್ತಾರೆ. ಗಂಡಸರಲ್ಲಿ ಇದು ಹೆಚ್ಚಾಗಿ ಶುರುವಾಗುವುದು 18ರಿಂದ 25ರೊಳಗೆ. ನಿಮಗೀಗ 29, ಆ 2–3 ಕೂಡ ಪೂರ್ತಿ ಉಳಿದಿಲ್ಲ.

'ಸ್ಕಿಜೋಫ್ರೇನಿಯಾ ಶೇ 80 ಅನುವಂಶೀಯ' ಎಂದು ಓದಿ ಹೆದರುವವರಿದ್ದಾರೆ. ಒಂದು ಜನಸಮೂಹದಲ್ಲಿ ಕೆಲವರಿಗೆ ಬಂದು ಕೆಲವರಿಗೆ ಬಾರದಿರುವುದರಲ್ಲಿ ವಂಶವಾಹಿಗಳ ಪಾಲೆಷ್ಟು ಎಂಬ ಲೆಕ್ಕ ಅದು. ಹುಟ್ಟುವ ಮಗುವಿಗೆ ನೂರಕ್ಕೆ 80 ಸಾಧ್ಯತೆ ಎಂದು ಓದಿಕೊಂಡರೆ ತಪ್ಪು.

ಉಗುಳಿನ ಪರೀಕ್ಷೆ ಯಾಕೆ ಬೇಡ? 2022ರಲ್ಲಿ ಪ್ರಕಟವಾದ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನ ಈ ಕಾಯಿಲೆಗೆ ನಂಟಿರುವ 287 ಜಾಗಗಳನ್ನು ವಂಶವಾಹಿಗಳ ಸಾಲಿನಲ್ಲಿ ಗುರುತಿಸಿತು. ಅವುಗಳಲ್ಲಿ ಹೆಚ್ಚಿನವು ಒಂದೊಂದೂ ಅಪಾಯವನ್ನು ಏರಿಸುವುದು ಕೂದಲೆಳೆಯಷ್ಟು. ಎಲ್ಲ ಕೂಡಿಸಿ ಕೊಡುವ ಅಂಕವೂ ಬಹುಪಾಲು ಯುರೋಪಿನ ಮೂಲದವರ ಡಿಎನ್‌ಎ ಮೇಲೆ ಕಟ್ಟಿದ್ದು, ನಮ್ಮವರಿಗೆ ಸರಿಯಾಗಿ ಹೊಂದುವುದಿಲ್ಲ. ಅಂಕ ಕಡಿಮೆ ಬಂದರೆ ಸುಳ್ಳು ಧೈರ್ಯ, ಹೆಚ್ಚು ಬಂದರೆ ಆ ಕಾಗದವೇ ಊರೆಲ್ಲ ತಿರುಗುತ್ತದೆ.

ಅಡಿಕೆ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳೆ ರೋಗದ ಬೀಜಾಣು ತೋಟದಲ್ಲಿದ್ದರಷ್ಟೇ ಸಾಲದು, ಮಳೆಯೂ ಬಿಡದೆ ಹಿಡಿಯಬೇಕು. ಈ ಕಾಯಿಲೆಯ ಮಟ್ಟಿಗೆ ಆ ಮಳೆಯಲ್ಲಿ ಮುಖ್ಯವಾದದ್ದು ಗಾಂಜಾ. ನಿತ್ಯ ಸೇದುವವರಲ್ಲಿ, ಅದರಲ್ಲೂ ಹದಿಹರೆಯದಲ್ಲೇ ಶುರುಮಾಡಿದವರಲ್ಲಿ, ಅಪಾಯ ಹಲವು ಪಟ್ಟು ಏರುತ್ತದೆ. ಬೀಚಿನಲ್ಲಿ ಗೆಳೆಯರು ಚಾಚಿದರೂ ಬೇಡವೆನ್ನಿ. ಹೆಣ್ಣಿನ ಕಡೆಯವರಿಗೆ ಚಿಕ್ಕಪ್ಪನ ವಿಷಯ ನೀವೇ ಮೊದಲು ಹೇಳಿ, ಮೇಲಿನ ಅಂಕಿಗಳ ಸಮೇತ.

ಪ್ರಶ್ನೆ: ಹೆಂಡತಿಗೆ ಏಳು ತಿಂಗಳು. ಅವಳನ್ನು ಹೆತ್ತಾಗ ಅವಳ ಆಯಿಗೆ ಬಾಣಂತಿ ಸನ್ನಿ ಆಗಿತ್ತಂತೆ. ಇವಳಿಗೂ ಆಗುತ್ತದೆಯೇ? ಮೊದಲೇ ಮಾತ್ರೆ ಶುರುಮಾಡಬೇಕೇ?
– ಕುಮಟಾ

ಉತ್ತರ: ಮೊದಲು ಅತ್ತೆಯವರನ್ನೋ ಆಗ ಜೊತೆಗಿದ್ದವರನ್ನೋ ಕೂರಿಸಿಕೊಂಡು ಒಂದು ಮಾತು ಕೇಳಿ: ಆಗ ಜ್ವರ ಇತ್ತೇ? ಹಳಬರು ಹೆರಿಗೆಯ ನಂಜಿನಿಂದ ಜ್ವರ ಏರಿ ಬಡಬಡಿಸಿದರೂ ಸನ್ನಿ ಎಂದೇ ಕರೆಯುತ್ತಿದ್ದರು. ಅದಾಗಿದ್ದರೆ ವಂಶದ ಮಾತೇ ಇಲ್ಲ. ಜ್ವರವಿರದೆ ದಿನಗಟ್ಟಲೆ ನಿದ್ದೆಗೆಟ್ಟು, ಅತಿಯಾಗಿ ಮಾತಾಡಿ, ಮಗು ತನ್ನದಲ್ಲ ಎಂದಿದ್ದರೆ ಅದು ನಿಜವಾದ ಹೆರಿಗೆ ನಂತರದ ಮನೋವಿಕಾರ. ಅವರಿಗೆ ಮುಂದೆಯೂ ಅತಿ ಉತ್ಸಾಹ, ಅತಿ ಖಿನ್ನತೆಯ ಸರದಿ ಬಂದಿತ್ತೇ ಎಂಬುದನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಆ ಸರದಿಯ ಕಾಯಿಲೆಯೇ ಬೈಪೋಲಾರ್, ಅದಕ್ಕೂ ಬಾಣಂತಿ ಸನ್ನಿಗೂ ಹತ್ತಿರದ ನಂಟು.

ಸಾಮಾನ್ಯವಾಗಿ ಇದು ಆಗುವುದು ಸಾವಿರ ಹೆರಿಗೆಗೆ 1–2. ತಾಯಿಗೆ ಆಗಿದ್ದು, ಮಗಳಿಗೆ ಈವರೆಗೆ ಯಾವ ಮನೋರೋಗವೂ ಬಂದಿರದಿದ್ದರೆ ನೂರಕ್ಕೆ 3ರ ಆಸುಪಾಸು. ಹೆಂಡತಿಗೇ ಬೈಪೋಲಾರ್ ಇದ್ದರೆ ಐವರಲ್ಲಿ ಒಬ್ಬರಿಗೆ. ಅದರ ಮೇಲೆ ತಾಯಿಯ ಸನ್ನಿಯೂ ಸೇರಿದರೆ ಇನ್ನೂ ಬಹಳ ಹೆಚ್ಚು. ಕೊನೆಯ ಎರಡು ಗುಂಪಿನವರು ಬಸಿರಿನಲ್ಲೇ ಮನೋವೈದ್ಯರನ್ನು ಕಂಡು ಔಷಧಿ ನಿರ್ಧರಿಸಬೇಕು. ವಾಲ್‌ಪ್ರೊಯೇಟ್ ಎಂಬ ಬೈಪೋಲಾರ್ ಮಾತ್ರೆ ನಡೆಯುತ್ತಿದ್ದರೆ ಇವತ್ತೇ ವೈದ್ಯರಿಗೆ ಹೇಳಿ, ಶಿಶುವಿಗೆ ಅದು ಒಳ್ಳೆಯದಲ್ಲ, ತಾವಾಗಿಯೇ ನಿಲ್ಲಿಸಲೂಬೇಡಿ. ತಾಯಿಗೆ ಮಾತ್ರ ಆಗಿದ್ದವರಿಗೆ ಮುಂಚಿತವಾಗಿ ಮಾತ್ರೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಕಾವಲು ಬೇಕು.

ಹೆರಿಗೆಯ ನಂತರ ಹಾರ್ಮೋನು ಧಡಕ್ಕನೆ ಇಳಿಯುತ್ತದೆ, ಅದರ ಜೊತೆಗೆ ನಿದ್ದೆ ಹರಿದುಹೋಗುತ್ತದೆ. ಮೊದಲನೆಯದು ನಮ್ಮ ಕೈಯಲ್ಲಿಲ್ಲ, ಎರಡನೆಯದು ಅಷ್ಟಿಷ್ಟು ಇದೆ. ಮೊದಲ ಎರಡು ವಾರ ರಾತ್ರಿ ಒಂದೇ ಪಟ್ಟಿಗೆ 4–5 ತಾಸು ನಿದ್ದೆ ಸಿಗುವಂತೆ ನೋಡಿಕೊಳ್ಳಿ: ಮಗುವನ್ನು ತಂದು ಎದೆಗೆ ಕೊಡುವುದು, ತೇಗಿಸುವುದು, ಬಟ್ಟೆ ಬದಲಿಸುವುದು ಇನ್ನೊಬ್ಬರ ಕೆಲಸ. ಮಧ್ಯದ ಒಂದು ಸಲಕ್ಕೆ ಹಿಂಡಿಟ್ಟ ಹಾಲು ಕೊಡಬಹುದು. ಕರಾವಳಿಯ ಸೆಕೆಯಲ್ಲಿ ಅದನ್ನು ಹೊರಗಿಡಬೇಡಿ, ಫ್ರಿಜ್ಜಿನಲ್ಲಿಡಿ. ಮಗು ನೋಡಲು ಬರುವ ನೆಂಟರಿಗೆ ಮಧ್ಯಾಹ್ನ ಬಾಗಿಲು ಹಾಕಿ. ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ಗಳಿಗೆಗೊಂದು ಭಾವ, ಗೊಂದಲ, ಸಂಶಯ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಒಯ್ಯಿರಿ, ಮಗುವಿನ ಜೊತೆ ಅವಳೊಬ್ಬಳನ್ನೇ ಬಿಡಬೇಡಿ. ಜ್ವರ ಇದೆಯೇ ಎಂದು ಅಲ್ಲಿ ನೋಡಲು ಹೇಳಿ.

ಪ್ರಶ್ನೆ: ಅಪ್ಪನ ಕುಡಿತ, ಹೊಡೆತದ ನಡುವೆ ಅಕ್ಕ, ನಾನು ಒಟ್ಟಿಗೇ ಬೆಳೆದೆವು. ಅವಳು ಗಟ್ಟಿಗಿತ್ತಿ. ನನಗೆ ಈಗಲೂ ಬಾಗಿಲು ಬಡಿದರೆ ಎದೆ ಹೊಡೆದುಕೊಳ್ಳುತ್ತದೆ, ಗಂಟೆಗಟ್ಟಲೆ ಇಳಿಯುವುದಿಲ್ಲ. ಕಾರ್ಟಿಸೋಲ್ ಪರೀಕ್ಷೆ ಮಾಡಿಸಲೇ?
– ಕಾರವಾರ

ಉತ್ತರ: ಬಾಗಿಲು ಬಡಿದ ಕ್ಷಣದಲ್ಲಿ ಎದೆ ಬಡಿಸುವುದು ಅಡ್ರಿನಲಿನ್. ಅದರ ಹಿಂದೆಯೇ ಮೆದುಳಿನ ಹೈಪೊಥಲಾಮಸ್ ಪಿಟ್ಯುಟರಿಗೆ, ಅದು ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಗೆ ಸುದ್ದಿ ಕಳಿಸುತ್ತದೆ. 20–30 ನಿಮಿಷದಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ತುದಿ ಮುಟ್ಟುತ್ತದೆ. ಅದೇ ಕಾರ್ಟಿಸೋಲ್ ಮೆದುಳಿಗೆ ಮರಳಿ 'ಸಾಕು' ಎಂದಾಗ ಈ ಅಪಾಯದ ಗಂಟೆ ಬಾರಿಸುವುದು ನಿಲ್ಲಬೇಕು. ಎಫ್‌ಕೆಬಿಪಿ5 ಎಂಬ ವಂಶವಾಹಿ ಈ 'ಸಾಕು' ಕೇಳಿಸುವ ಕಿವಿಯನ್ನು ಮಂದ ಮಾಡುತ್ತದೆ. ಅದರ ಒಂದು ಬಗೆ ಇರುವವರು ಬಾಲ್ಯದಲ್ಲಿ ಏಟು ತಿಂದಿದ್ದರೆ, ವಂಶವಾಹಿಯ ಮೇಲಿನ ರಾಸಾಯನಿಕ ಬೀಗ ಸಡಿಲಾಗಿ ಅದು ಇನ್ನಷ್ಟು ಚುರುಕಾಗುತ್ತದೆಂದು 2013ರ ಅಧ್ಯಯನವೊಂದು ತೋರಿಸಿತು. ಒಡಹುಟ್ಟಿದವರಲ್ಲಿ ವಂಶವಾಹಿಗಳ ಹಂಚಿಕೆ ಸರಾಸರಿ ಅರ್ಧ ಮಾತ್ರ ಹೊಂದುತ್ತದೆ. ಮನೆ ಒಂದೇ ಆದರೂ ಹೊಡೆತ ಇಬ್ಬರಿಗೂ ಒಂದೇ ಆಗಿರಲಿಕ್ಕಿಲ್ಲ.

ಹಾಗೆಂದು ಎಲ್ಲವನ್ನೂ ಒಂದು ವಂಶವಾಹಿಯ ತಲೆಗೆ ಕಟ್ಟುವುದು ಬೇಡ. 2003ರಲ್ಲಿ ಸಿರೊಟೋನಿನ್ ಎಂಬ ಮೆದುಳಿನ ರಾಸಾಯನಿಕವನ್ನು ಸಾಗಿಸುವ ವಂಶವಾಹಿಯೇ ಖಿನ್ನತೆಗೆ ದಾರಿ ಎಂದು ದೊಡ್ಡ ಸುದ್ದಿಯಾಯಿತು. ಲಕ್ಷಗಟ್ಟಲೆ ಜನರ ಮಾಹಿತಿ ಜರಡಿ ಹಿಡಿದ 2019ರ ವಿಶ್ಲೇಷಣೆಯಲ್ಲಿ ಅದು ನಿಲ್ಲಲಿಲ್ಲ.

ಬೆಳಗ್ಗೆ 8 ಗಂಟೆಯ ಕಾರ್ಟಿಸೋಲ್ ಪರೀಕ್ಷೆ ಗ್ರಂಥಿಯ ಕಾಯಿಲೆಗಳಿಗೆ ಇರುವುದು, ನಿಮ್ಮ ಪ್ರಶ್ನೆಗೆ ಉತ್ತರ ಕೊಡದು. ಎದೆ ಬಡಿತಕ್ಕೆ ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿ. ನಿಮಗೆ ಬೇಕಿರುವುದು ಆಘಾತಕ್ಕೆಂದೇ ಇರುವ ಮಾತಿನ ಚಿಕಿತ್ಸೆ. ಟೆಲಿ ಮಾನಸ್ 14416ಕ್ಕೆ ಕರೆ ಉಚಿತ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಬೋಟಿಗೆ ಹೋಗುವವ ನಾನು. ಬೈಪೋಲಾರ್‌ಗೆಂದು ಅಪ್ಪನಿಗೆ ಒಗ್ಗಿದ್ದ ಲಿಥಿಯಂ ಮಾತ್ರೆಯನ್ನೇ ನನಗೂ ಬರೆದಿದ್ದಾರೆ. ನನಗೂ ಒಗ್ಗೀತೇ?
– ಅಂಕೋಲಾ

ಉತ್ತರ: ಒಗ್ಗುವ ಸಾಧ್ಯತೆ ಹೆಚ್ಚು, ಲಿಥಿಯಂ ಹಿಡಿಸುವ ಗುಣ ಕುಟುಂಬದಲ್ಲಿ ಸಾಗಿಬರುವುದುಂಟು. ಆದರೆ ಬೋಟಿನ ಕೆಲಸಕ್ಕೆ ಎಚ್ಚರ ಬೇಕು. ಬೆವರಿನಲ್ಲಿ ಉಪ್ಪು, ನೀರು ಹೋದಾಗ ಮೂತ್ರಪಿಂಡ ಲಿಥಿಯಂ ಅನ್ನು ಹಿಡಿದಿಟ್ಟುಕೊಂಡು ರಕ್ತದಲ್ಲಿ ಅದು ಏರುತ್ತದೆ. ಗಂಜಿಗೆ ಎಂದಿನಷ್ಟೇ ಉಪ್ಪು ಹಾಕಿಕೊಳ್ಳಿ, ನೀರಿನ ಕ್ಯಾನು ಕೈಗೆಟುಕುವಲ್ಲಿರಲಿ. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ಬೇಡ, ಪ್ಯಾರಾಸಿಟಮಾಲ್ ಸಾಕು. ಲಿಥಿಯಂ ಮಟ್ಟದ ಪರೀಕ್ಷೆಗೆ ರಕ್ತ ಕೊಡುವುದು ಕೊನೆಯ ಮಾತ್ರೆಯಾಗಿ 12 ತಾಸಿಗೆ. ಸಾಮಾನ್ಯವಾಗಿ ಅಂಕ 0.6ರಿಂದ 1.0ರೊಳಗಿರಬೇಕು. ಜೂನ್–ಜುಲೈ ಮೀನುಗಾರಿಕೆ ನಿಷೇಧದಲ್ಲಿ ಮನೆಯಲ್ಲಿದ್ದಾಗ ಒಮ್ಮೆ ಮಾಡಿಸಿ ಸುಮ್ಮನಾಗಬೇಡಿ, ಏಪ್ರಿಲ್–ಮೇ ಸೆಕೆಯಲ್ಲೂ ಮಾಡಿಸಿ. ಕೈ ಜೋರಾಗಿ ನಡುಗಿದರೆ, ವಾಂತಿ-ಭೇದಿಯಾದರೆ, ದಡದ ಮೇಲೂ ಬೋಟಿನಲ್ಲಿದ್ದಂತೆ ಕಾಲು ತೂರಾಡಿದರೆ ಮುಂದಿನ ಮಾತ್ರೆ ನುಂಗದೆ ನೇರ ಆಸ್ಪತ್ರೆಗೆ ಹೋಗಿ.