ಹಾಗಲಕಾಯಿಯನ್ನು ಕೊನೆಗೆ ಯಾಕೆ ಬಡಿಸಿದಿರಿ, ಮೇಷ್ಟ್ರೇ?

ಪ್ರೀತಿಯ ಮೇಷ್ಟ್ರಿಗೆ ನಮಸ್ಕಾರ.

ನೀವು ಕಳಿಸಿದ ‘ಇಂಗ್ಲಿಷಿನಲ್ಲಿ ಬೇಡ ಅನ್ನುವುದು ಹೇಗೆ: 32 ಪದಗಳು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೂ ನೀವು ಉಸಿರು ಬಿಗಿಹಿಡಿದು ಓದುವುದು ಬೇಡ. ಆದರೆ ಎರಡು ಸಾಲು ಬರೆದು ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ನಿಮ್ಮ ಕೊನೆಯ ಪ್ಯಾರಾ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ತಕರಾರು. ಹೇಟ್, ಲೋದ್, ಡಿಟೆಸ್ಟ್, ಅಬ್ಹಾರ್, ಡಿಸ್ಪೈಸ್ ಈ ಐದಕ್ಕೂ ನೀವು ‘ದ್ವೇಷಿಸು’ ಎಂದೇ ಬರೆದಿದ್ದೀರಿ. ಒಂದಕ್ಕೆ ‘ತುಂಬಾ’, ಇನ್ನೊಂದಕ್ಕೆ ‘ತೀವ್ರವಾಗಿ’, ಮತ್ತೊಂದಕ್ಕೆ ‘ಅತ್ಯಂತ’. ಸಾರಿಗೆ ಖಾರದ ಪುಡಿ ಎಷ್ಟು ಚಮಚ ಹಾಕಿದೆ ಅನ್ನುವುದಷ್ಟೇ ವ್ಯತ್ಯಾಸ ಅನ್ನುವ ಹಾಗೆ. ಹಾಗಿದ್ದರೆ ಆ ಭಾಷೆಗೆ ಐದು ಪದ ಯಾಕೆ ಬೇಕಿತ್ತು?

ಡಿಸ್ಪೈಸ್ ತೆಗೆದುಕೊಳ್ಳಿ. ಅದರ ಲ್ಯಾಟಿನ್ ಬೇರಿನಲ್ಲಿರುವುದು ಮೇಲಿನಿಂದ ಕೆಳಕ್ಕೆ ನೋಡುವುದು. ನಾವೂ ‘ಕೀಳಾಗಿ ಕಾಣು’ ಅನ್ನುತ್ತೇವಲ್ಲ, ಅದೇ ನೋಟ. ಹೆಡ್ ಮೇಷ್ಟ್ರನ್ನು ಹುಡುಗ ಹೇಟ್ ಮಾಡಬಹುದು, ಹೆದರಿಕೊಂಡೇ ಮಾಡಬಹುದು. ಡಿಸ್ಪೈಸ್ ಮಾಡಬೇಕಾದರೆ ಮಾತ್ರ ‘ಇವರು ಇಷ್ಟೇನಾ’ ಅಂತ ಮನಸ್ಸಿನಲ್ಲಾದರೂ ಅವರಿಗಿಂತ ಒಂದು ಮೆಟ್ಟಿಲು ಮೇಲೆ ನಿಲ್ಲಬೇಕು. ಅದು ಖಾರದ ಪ್ರಮಾಣವಲ್ಲ, ನಿಂತ ಜಾಗ. ನೀವು ಕೊಟ್ಟ ‘ಐ ಡಿಸ್ಪೈಸ್ ಇಡ್ಲಿ’ ಎಂಬ ಉದಾಹರಣೆ ವ್ಯಾಕರಣಕ್ಕೆ ಸರಿ. ತಮಾಷೆಗೆ ಜನ ಹಾಗೆ ಹೇಳುತ್ತಾರೆ ಕೂಡ. ಆದರೆ ಪದದ ಅರ್ಥ ತೋರಿಸಲು ಅದೇ ವಾಕ್ಯ ಬೇಕಿತ್ತೇ? ಪಾಪ, ಇಡ್ಲಿ ಅಂಥದ್ದೇನು ಮಾಡಿದೆ?

ಡಿಟೆಸ್ಟ್ ಇನ್ನೂ ಚೆನ್ನಾಗಿದೆ. ಅದರೊಳಗೆ ಒಬ್ಬ ಸಾಕ್ಷಿ ಕೂತಿದ್ದಾನೆ. ಕೋರ್ಟಿನ ಟೆಸ್ಟಿಮನಿಯಲ್ಲಿ ಇರುವವನೇ. ದೇವರನ್ನು ಸಾಕ್ಷಿಗೆ ಕರೆದು ಶಾಪ ಹಾಕುವುದು ಲ್ಯಾಟಿನ್ನಿನಲ್ಲಿ ಅದರ ಮೂಲ ಅರ್ಥ. ನಮ್ಮ ‘ಹಿಡಿಶಾಪ ಹಾಕು’ ನಿಮಗೆ ನೆನಪಾಗಲಿಲ್ಲವೇ? ಅಬ್ಹಾರ್ ಪದದಲ್ಲಿ ಮೈಮೇಲಿನ ಕೂದಲು ನಿಮಿರುತ್ತದೆ. ಅದೂ ಹಾರರ್ ಪದವೂ ಒಂದೇ ಬೇರಿನವು. ಹಾಗಂತ ಬೇರು ತಿಳಿದರೆ ಇವತ್ತಿನ ಅರ್ಥವೆಲ್ಲ ತಿಳಿಯಿತು ಅಂತಲ್ಲ. ನಾಸಿಯಾ ಪದ ಹಡಗಿನ ಗ್ರೀಕ್ ಹೆಸರಿನಿಂದ ಬಂದಿದೆ. ಆದರೆ ಘಾಟಿ ರಸ್ತೆಯ ಬಸ್ಸಿನಲ್ಲಿ ವಾಕರಿಕೆ ಬಂದರೂ ಅದು ನಾಸಿಯಾವೇ.

ಇನ್ನು ಸಣ್ಣ ತಪ್ಪುಗಳು. ‘ಐ ಆಮ್ ಅಡ್ವರ್ಸ್ ಟು ಕಾಫಿ’ ಎಂದು ಬರೆದಿದ್ದೀರಿ. ಅದು ಅವರ್ಸ್ ಆಗಬೇಕು. ಅವರ್ಸ್ ಅಂದರೆ ಮುಖ ತಿರುಗಿಸಿದವನು, ನಮ್ಮ ‘ವಿಮುಖ’. ಅಡ್ವರ್ಸ್ ಅಂದರೆ ನಮಗೆ ಎದುರಾಗಿ ತಿರುಗಿದ್ದು: ಪ್ರತಿಕೂಲ ಹವಾಮಾನ, ಔಷಧಿಯ ಕೆಟ್ಟ ಪರಿಣಾಮ. ಎರಡೂ ತಿರುಗುವ ಪದಗಳೇ, ತಿರುಗುವ ದಿಕ್ಕು ಬೇರೆ. ಹಾಗೇ ‘ಅವರ್ಸ್ ಫ್ರಮ್’ ಶುದ್ಧ ತಪ್ಪು ಎಂದು ಗದರಿಸಿದ್ದೀರಿ. ಇವತ್ತು ಎಲ್ಲರೂ ‘ಟು’ ಅನ್ನುತ್ತಾರೆ, ನಿಜ. ಆದರೆ 1755ರ ತಮ್ಮ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತಪ್ಪು ಅಂದದ್ದು ‘ಟು’ವನ್ನೇ. ಬೆತ್ತ ಎತ್ತುವ ಮುಂಚೆ ಸ್ವಲ್ಪ ಯೋಚಿಸಬೇಕು, ಅಲ್ವಾ?

ಡಿಸ್‌ಗಸ್ಟ್ ಪದಕ್ಕೆ ‘ಜಿಗುಪ್ಸೆ’ ಎಂದು ಕೊಟ್ಟಿದ್ದೀರಿ. ನಾಟ್ಯಶಾಸ್ತ್ರದ ಜುಗುಪ್ಸೆಗೆ ಅದು ಸರಿ, ಬೀಭತ್ಸ ರಸದ ಸ್ಥಾಯಿಭಾವ, ಅಂದರೆ ಆ ರಸಕ್ಕೆ ಬುಡವಾದ ಭಾವ, ಅದು. ಆದರೆ ನಮ್ಮ ಪತ್ರಿಕೆಗಳಲ್ಲಿ ‘ಜೀವನದಲ್ಲಿ ಜಿಗುಪ್ಸೆ’ ಎಂದು ಬರುವಾಗ ಯಾರೂ ಮೂಗು ಮುಚ್ಚಿಕೊಂಡಿರುವುದಿಲ್ಲ. ಅಲ್ಲಿರುವುದು ಸಾಕಾಗಿಹೋದ, ದಾರಿ ಕಾಣದ ಮನಸ್ಸು. ಇಂಗ್ಲಿಷಿನ ಡಿಸ್‌ಗಸ್ಟ್ ಪದದಲ್ಲಿ ರುಚಿ ಇದೆ, ನಾಲಿಗೆ ಇದೆ. ಅದಕ್ಕೆ ಹೇಸಿಗೆ ಅನ್ನಿ, ಅಸಹ್ಯ ಅನ್ನಿ. ಅಸಹ್ಯವೇ ಒಂದು ವಿಚಿತ್ರ ನೋಡಿ. ಬಿಡಿಸಿದರೆ ‘ಸಹಿಸಲಾಗದ್ದು’ ಅಂತಷ್ಟೇ. ಇಂಗ್ಲಿಷಿನವರು ‘ಕಾಂಟ್ ಬೇರ್’ ಅಂದ ಹಾಗೆ. ನಾವು ಮಾತ್ರ ಅದನ್ನು ಕೊಳಕಿನ ಕಡೆಗೆ ಒಯ್ದುಬಿಟ್ಟೆವು. ನನ್ನ ಕೈಗೆ ಸಿಕ್ಕಿದ್ದರೆ ಇದೊಂದರ ಮೇಲೇ ಎರಡು ಪುಟ ಬರೆಯುತ್ತಿದ್ದೆ.

‘ಐ ಹೇಟ್ ಟು ಡಿಸ್ಟರ್ಬ್ ಯು’ ಎಂಬುದನ್ನು ‘ನಿಮಗೆ ತೊಂದರೆ ಕೊಡುವುದನ್ನು ದ್ವೇಷಿಸುತ್ತೇನೆ’ ಎಂದು ಮಾಡಿದ್ದನ್ನು ದಯವಿಟ್ಟು ತೆಗೆದುಹಾಕಿ. ಅದು ಬರೀ ಸಂಕೋಚದ ಮಾತು. ‘ತೊಂದರೆ ಕೊಡ್ತಿದ್ದೀನಿ, ಬೇಜಾರು ಮಾಡ್ಕೋಬೇಡಿ’ ಅಂದರೆ ಮುಗಿಯಿತು.

ಈಗ ಕೊನೆಯ ಪ್ಯಾರಾ. ಎಂಟನೇ ಕ್ಲಾಸಿನಲ್ಲಿ ಬಿಸಿಯೂಟದ ಹೊತ್ತಿನಲ್ಲಿ ಒಬ್ಬ ಹುಡುಗ ಎದ್ದು ನಿಂತು ‘ಸರ್, ಹಾಗಲಕಾಯಿ ನಾಟ್ ಜಾಯಿನಿಂಗ್ ಟು ಮಿ’ ಅಂದ. ಇಡೀ ಕ್ಲಾಸು ನಕ್ಕಿತು. ನೀವೂ ನಕ್ಕು, ‘ಐ ಡೋಂಟ್ ಲೈಕ್’ ಎಂದು ಹತ್ತು ಸಲ ಬರೆಸಿದಿರಿ. ಇದನ್ನು ಓದುಗರನ್ನು ನಗಿಸಲು ತುದಿಯಲ್ಲಿ ಇಟ್ಟಿದ್ದೀರಿ. ಮೇಷ್ಟ್ರೇ, ನಿಮ್ಮ ಲೇಖನ ಇರುವುದೇ ಇಲ್ಲಿ.

ಆ ಹುಡುಗನ ತಲೆಯಲ್ಲಿದ್ದದ್ದು ‘ನಂಗೆ ಹಾಗಲಕಾಯಿ ಸೇರಲ್ಲ’. ಕನ್ನಡದಲ್ಲಿ ನಾವು ಬೇಡ ಅನ್ನುವುದೇ ಹೀಗೆ. ಸೇರಲ್ಲ, ಹಿಡಿಸಲ್ಲ, ಒಗ್ಗಲ್ಲ, ಅವನನ್ನ ಕಂಡ್ರೆ ಆಗಲ್ಲ. ಎಲ್ಲದರಲ್ಲೂ ‘ನನಗೆ’ ಇದೆ, ‘ನಾನು’ ಇಲ್ಲ. ನಾನು ಏನನ್ನೂ ಮಾಡುತ್ತಿಲ್ಲ. ಸೇರದೇ ಇರುವುದು ಹಾಗಲಕಾಯಿಯ ಕೆಲಸ. ಇಂಗ್ಲಿಷಿನ ಹೇಟ್, ಡಿಸ್‌ಲೈಕ್ ಎರಡಕ್ಕೂ ಮುಂದೆ ‘ಐ’ ಬಂದು ನಿಲ್ಲಲೇಬೇಕು. ಅಲ್ಲಿ ಹೊಣೆ ನನ್ನದು.

ಇನ್ನೂ ಒಂದು ಮಜಾ ಇದೆ. ಇಂಗ್ಲಿಷ್ ಕೂಡ ಒಂದು ಕಾಲದಲ್ಲಿ ನಮ್ಮ ಹಾಗೇ ಇತ್ತು. ಹಳೆಯ ಇಂಗ್ಲಿಷಿನಲ್ಲಿ ಲೈಕ್ ಎಂಬುದರ ಅರ್ಥ ‘ಹಿಡಿಸು’ ಎಂದೇ. ಶೇಕ್ಸ್‌ಪಿಯರ್ ಕಾಲದವರೆಗೂ ‘ಇಟ್ ಲೈಕ್ಸ್ ಮಿ ನಾಟ್’ ಎಂಬಂಥ ಮಾತು ನಡೆಯುತ್ತಿತ್ತು. ಅದು ನನಗೆ ಹಿಡಿಸುವುದಿಲ್ಲ ಅಂತ. ಆಮೇಲೆ ನಿಧಾನಕ್ಕೆ ‘ಮಿ’ ಹೋಗಿ ‘ಐ’ ಬಂತು. ನಿಮ್ಮ ಹುಡುಗ ಜಾಯಿನ್ ಎಂಬ ಪದದಲ್ಲಿ ಎಡವಿದ, ಒಪ್ಪುತ್ತೇನೆ. ವಾಕ್ಯದ ಕಟ್ಟುಪಾಡಿನಲ್ಲಿ ಮಾತ್ರ ಅವನು ನಾನೂರು ವರ್ಷ ತಡವಾಗಿ ಬಂದಿದ್ದಾನೆ, ಅಷ್ಟೇ.

ಹಾಗಾಗಿ 32 ಪದಗಳಲ್ಲಿ 28ನ್ನು ಬಿಡಿ. ನಿಘಂಟು ಎಲ್ಲರ ಫೋನಿನಲ್ಲೂ ಇದೆ. ‘ಭಾಷೆ ಎಂಬುದು ಸಂವಹನದ ಮಾಧ್ಯಮ’ ಎಂದು ಶುರುವಾಗುವ ಪೀಠಿಕೆಯನ್ನೂ ಬಿಡಿ, ಅದು ವಾರಕ್ಕೆ ಮೂರು ಲೇಖನಗಳಲ್ಲಿ ನನಗೆ ಸಿಗುತ್ತದೆ. ಬಿಸಿಯೂಟದಿಂದಲೇ ಶುರು ಮಾಡಿ. ನಿಮ್ಮ ಊರಿನ ಕಡೆ ‘ಸೇರಲ್ಲ’ ಅನ್ನುವುದಕ್ಕೂ ‘ಒಗ್ಗಲ್ಲ’ ಅನ್ನುವುದಕ್ಕೂ ಏನು ವ್ಯತ್ಯಾಸ ಮಾಡುತ್ತಾರೆ ಅಂತ ಕೇಳಿಕೊಂಡು ಬರೆಯಿರಿ. ಸ್ಟಾಫ್ ರೂಮಿನಲ್ಲಲ್ಲ, ಅಡುಗೆಯವರ ಹತ್ತಿರ ಕೇಳಿ. ಎಂಟುನೂರು ಪದ ಸಾಕು.

ಅವಸರವಿಲ್ಲ, ಮುಂದಿನ ತಿಂಗಳು ಕಳಿಸಿದರೂ ಓದುತ್ತೇನೆ. ಮತ್ತೆ, ಆ ಹುಡುಗ ಅವತ್ತು ಪಲ್ಯ ತಿಂದನೋ ಇಲ್ಲವೋ? ಅದನ್ನು ನೀವು ಬರೆದೇ ಇಲ್ಲ.

ನಿಮ್ಮ,
ಸಂಪಾದಕ